ಒಬ್ಬಳೇ ಕೂಡುವ ದೋಣಿ

ನನಗೆ ಈಜು ಬರುವುದಿಲ್ಲ. ನಡಿಗೆಯೂ ಅಷ್ಟಕ್ಕಷ್ಟೇ, ಎರಡೂ ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಎರಡೂ ಕಂಕುಳಲ್ಲಿ ಕೋಲು. ಇಂಥವಳು ಒಂದು ಹಾಯಿದೋಣಿ ಕೊಳ್ಳುತ್ತಾಳೆ ಎಂದರೆ ಬ್ಯಾಡಗಿಯಲ್ಲಿ ಯಾರಾದರೂ ನಂಬುತ್ತಾರೆಯೇ? ನಂಬಲಿಲ್ಲ. ಅದಕ್ಕೇ ಕೊಂಡೆ.

ಪೋಲಿಯೋ ಆದವರಿಗೆ ಆರಿಸುವ ಕಷ್ಟವೇ ಇರುವುದಿಲ್ಲ, ಎಲ್ಲವನ್ನೂ ಬೇರೆಯವರೇ ಆರಿಸಿಕೊಡುತ್ತಾರೆ. ನಾನು ಕೂಡುವ ಎಸ್‌ಟಿಡಿ ಬೂತನ್ನು ಸರ್ಕಾರ ಆರಿಸಿತು. ಮೂರುಗಾಲಿ ಸೈಕಲ್ಲನ್ನು ಹಾವೇರಿಯ ಸಮಾರಂಭವೊಂದರಲ್ಲಿ ಕೊರಳತುಂಬ ಹಾರ ಹಾಕಿಸಿಕೊಂಡವರು ಕೊಟ್ಟರು. ಅದರ ಸೀಟಿನಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು, ಕೈಪೆಡಲು ಮಾತ್ರ ನನ್ನ ಕೈಗೆ ನಿಲುಕುತ್ತಿರಲಿಲ್ಲ. ಗಂಡನ್ನು ಚೆನ್ನಪ್ಪ ಕಾಕಾ, ಎಂದರೆ ಅಪ್ಪನ ತಮ್ಮ, ಆರಿಸಿದ್ದ. ಅದೊಂದನ್ನು ನಾನೇ ಬೇಡವೆಂದೆ, ಪುಣ್ಯಕ್ಕೆ.

ಆಮೇಲೆ ಎಲ್ಲರ ಕಿಸೆಗೂ ಮೊಬೈಲು ಬಂತು. ಬೂತಿಗೆ ಬರುವವರಿಲ್ಲದೆ ನಾನು ಗಾಜಿನ ಪೆಟ್ಟಿಗೆಯಲ್ಲಿ ಕೂತು ಬಸ್ಸಿನ ಹೊಗೆ ನೋಡತೊಡಗಿದೆ. ಒಂದು ದಿನ ಪಕ್ಕದ ಸೈಬರ್ ಕೆಫೆಯವನು ಕರೆದು ಒಂದು ಚಿತ್ರ ತೋರಿಸಿದ. ಕಾಲಿಲ್ಲದ ಹೆಂಗಸೊಬ್ಬಳು ಪುಟ್ಟ ಹಾಯಿದೋಣಿಯಲ್ಲಿ ಹೊರಟಿದ್ದಳು. ಅವಳ ಹಿಂದೆ ಯಾರೂ ಇರಲಿಲ್ಲ, ಪಕ್ಕದಲ್ಲೂ ಇರಲಿಲ್ಲ. ನನ್ನ ಹೊಟ್ಟೆ ಉರಿಯಿತು. ಬುದ್ಧಿ ಬಂದಾಗಿನಿಂದ ಮನೆ ಹೊರಗೆ ಕಾಲಿಟ್ಟಾಗಲೆಲ್ಲ ಯಾರಾದರೊಬ್ಬರು ನನ್ನ ರಟ್ಟೆ ಹಿಡಿದೇ ಇದ್ದಾರೆ. ಪ್ರೀತಿಯಿಂದಲೇ ಹಿಡಿಯುತ್ತಾರೆ, ಅದೇ ತೊಂದರೆ. ಸಿಟ್ಟಿನಿಂದ ಹಿಡಿದಿದ್ದರೆ ಕೊಡವಿಕೊಳ್ಳಬಹುದಿತ್ತು.

ಸೂರ್ಯನ ರಥ ಹೊಡೆಯುವವನಿಗೆ ತೊಡೆಗಳೇ ಇಲ್ಲವೆಂದು ಹಿರಿಯರು ಹೇಳುತ್ತಾರೆ. ಏಳು ಕುದುರೆಗಳ ಲಗಾಮು ಅವನ ಕೈಯಲ್ಲಿ. ಅವನನ್ನು ಹಿಡಿದುಕೊಳ್ಳಲು ಇಬ್ಬರು ಗಟ್ಟಿ ಆಳು ಬೇಕೆಂದು ಸೂರ್ಯನ ಮನೆಯವರು ತಕರಾರು ತೆಗೆದದ್ದನ್ನು ನಾನಂತೂ ಕೇಳಿಲ್ಲ. ಬೆಳಗು ದಿನಾಲೂ ಆಗುತ್ತಲೇ ಇದೆ.

ಕಾರವಾರದ ಕಡೆಯ ಒಂದು ದೋಣಿ ಕ್ಲಬ್ಬಿನವರು ಹಳೆಯ ದೋಣಿಗಳನ್ನು ಮಾರುತ್ತಾರೆಂದು ತಿಳಿದು ಹೊರಟೆ. ಒಬ್ಬಳನ್ನೇ ಕಳಿಸುವುದುಂಟೆ? ಕಾಕಾ ಜೊತೆಗೆ ಬಂದ. ಕಾಕಾ ನಮ್ಮೂರಿನ ಮೆಣಸಿನಕಾಯಿ ದಲಾಲ, ಜೊತೆಗೆ ಎತ್ತುಗಳ ಪರೀಕ್ಷೆಯಲ್ಲಿ ಎತ್ತಿದ ಕೈ. ರಾಣೆಬೆನ್ನೂರಿನ ದನದ ಪೇಟೆಯಲ್ಲಿ ಅವನನ್ನು ಕೇಳದೆ ನಮ್ಮ ಬೀಗರು ಯಾರೂ ಎತ್ತಿನ ಹಗ್ಗ ಹಿಡಿಯುವುದಿಲ್ಲ. ದೋಣಿಯನ್ನೂ ಹಾಗೆಯೇ ನೋಡಿದ: ಸುತ್ತು ಹಾಕಿದ, ಪಕ್ಕೆಗೆ ತಟ್ಟಿದ, ಹಿಂದೆ ಹೋಗಿ ಬಗ್ಗಿ ನೋಡಿದ. ಹಲ್ಲು ಎಣಿಸುವುದೊಂದು ಬಾಕಿ.

ಅವನ ಮನಸ್ಸಿಗೆ ಬಂದದ್ದು ದೊಡ್ಡದೊಂದು ಮರದ ದೋಣಿ.

"ಗಿರಿಜಾ, ದೋಣಿ ಅಂದ್ರ ಇದು ನೋಡವಾ. ನಾಕ ಮಂದಿ ಕುಂದ್ರಬಹುದು. ನೀ ನಡುವ ಕುಂದ್ರು, ನಾವು ಹಿಡಕೊಂಡಿರ್ತೇವಿ."

ಅದರ ಹಾಯಿಯ ಕೆಳಗಿನ ಅಡ್ಡಗೋಲು, ದೋಣಿ ತಿರುಗಿದಾಗಲೆಲ್ಲ ತಲೆಯ ಮೇಲಿಂದ ಬೀಸಿ ಬರುತ್ತದೆ. ಆಗ ಈ ಬದಿಯಿಂದ ಆ ಬದಿಗೆ ಜಿಗಿದು ಕೂಡಬೇಕು. ನಾನು ಜಿಗಿಯುವುದರಲ್ಲಿ ಸಂಜೆಯಾಗುತ್ತದೆ. ನಾನು ಮೆಚ್ಚಿದ್ದು ಮೂಲೆಯಲ್ಲಿದ್ದ ಗಿಡ್ಡ, ಡುಮ್ಮ ದೋಣಿಯನ್ನು. ಅದರೊಳಗೆ ತಳಕ್ಕೆ ತಾಗಿಕೊಂಡಂತೆ ಬಟ್ಟೆಯ ಸೀಟು. ಕಾಲು ಚಾಚಿ ಮುಂದೆ ನೋಡುತ್ತ ಕೂತರಾಯಿತು, ಜಾಗ ಬದಲಿಸುವ ಗೊಡವೆಯಿಲ್ಲ. ದಿಕ್ಕು ತಿರುಗಿಸಲು ಮೊಣಕಾಲ ನಡುವೆ ಒಂದು ಕೋಲು, ಹಾಯಿಯ ಹಗ್ಗಗಳೆಲ್ಲ ಕೈಯಳತೆಯಲ್ಲಿ. ಕ್ಲಬ್ಬಿನ ಮುದುಕರು ಅದನ್ನು ನೀರಿಗಿಳಿಸಿ, ಒಂದು ಬದಿಯನ್ನು ಬಲವಾಗಿ ಒತ್ತಿ ಬಿಟ್ಟರು. ವಾಲಿತು, ಮತ್ತೆ ತಾನೇ ಎದ್ದು ಕೂತಿತು. ತಳದಲ್ಲಿ ಭಾರದ ಹಲಗೆ ಇಳಿಬಿಟ್ಟಿದೆಯಂತೆ. ಹಗ್ಗ ಎಳೆದರೆ ಓಡುತ್ತದೆ, ಸಡಿಲ ಬಿಟ್ಟರೆ ನಿಲ್ಲುತ್ತದೆ ಎಂದೂ ಹೇಳಿಕೊಟ್ಟರು. ನಾನು ಕ್ಯಾಲಿಪರ್ ಬಿಚ್ಚಿಟ್ಟು, ಕಟ್ಟೆಯ ಮೇಲೆ ಕೂತಲ್ಲಿಂದಲೇ ಸರಿದು ಒಳಗಿಳಿದೆ. ಹಾಗೆಯೇ ಕೈಯೂರಿ ಮೇಲೆ ಬಂದೆ.

"ಇದೇನ ದೋಣಿನೋ, ದನಕ್ಕ ನೀರ ಕುಡಸೋ ಬಾನಿಯೋ?" ಎಂದ ಕಾಕಾ.

"ಬಾನಿ ಅಂತನ ತಿಳಿ. ನಾ ಒಬ್ಬಾಕೀನ ಇಳದೆ, ಒಬ್ಬಾಕೀನ ಹತ್ತಿದೆ, ನೋಡಿದಿಲ್ಲ?"

"ನಿನ್ನ ಹಿಡಿಯಾಕ ಯಾರರ ಬೇಕಲ್ಲವಾ?"

"ಹಿಡಿಯಾಕ ಹಗ್ಗ ಐತಿ."

ಪರಸ್ಥಳದವರ ಮುಂದೆ ಮನೆಮಂದಿ ವಾದ ಮಾಡಬಾರದು. ದನದ ಪೇಟೆಯಲ್ಲಿ ವ್ಯಾಪಾರವನ್ನು ಬಾಯಿಬಿಟ್ಟು ಮಾಡುವುದಿಲ್ಲ, ಕೈಗಳ ಮೇಲೆ ಟವೆಲ್ಲು ಹಾಕಿಕೊಂಡು ಒಳಗೊಳಗೇ ಬೆರಳು ಒತ್ತಿ ಹೇಳುತ್ತಾರೆ. ಕಾಕಾ ನನ್ನ ಕೈ ಮೇಲೆ ಟವೆಲ್ಲು ಹಾಕಿ ನಾಲ್ಕು ಬೆರಳು ಒತ್ತಿದ. ನಾಲ್ಕು ಮಂದಿಯ ದೋಣಿ. ನಾನು ಒಂದು ಒತ್ತಿದೆ. ಅವನು ಮತ್ತೆ ನಾಲ್ಕು. ನಾನು ಆ ಒಂದನ್ನೇ ಮುರಿಯುವಷ್ಟು ಒತ್ತಿದೆ. ಕ್ಲಬ್ಬಿನ ಮುದುಕರು ಇದು ನಮ್ಮ ಕಡೆಯ ಪೂಜೆಯೆಂದು ತಿಳಿದು ಚಪ್ಪಲಿ ಬಿಟ್ಟು ನಿಂತರು. ಕಾಕಾ ಕೈ ಎಳೆದುಕೊಂಡ, ಒಪ್ಪಲಿಲ್ಲ. ನಾನು ಬಾನಿಯನ್ನೇ ಕೊಂಡೆ. ಅವನು ಮುಖ ಊದಿಸಿಕೊಂಡೇ ಅದನ್ನು ಊರಿನ ಲಾರಿಗೆ ಹೇರಿಸಿದ.

ಆದರೂ ಕಾಕಾ ಕಾಕಾನೇ. ದೋಣಿಯ ಹಳೇ ಹಾಯಿ ಚಿಂದಿಯಾಗಿದ್ದನ್ನು ನೋಡಿ, ಅಂಗಳದಲ್ಲಿ ಮೆಣಸಿನಕಾಯಿ ರಾಶಿಗೆ ಹೊದಿಸುತ್ತಿದ್ದ ತಾಡಪತ್ರಿಯನ್ನು ಕತ್ತರಿಸಿ ಹೊಸದು ಹೊಲಿಸಿಕೊಟ್ಟ. ಬ್ಯಾಡಗಿಯವರ ಮೂಗಿಗೆ ಮೆಣಸಿನ ವಾಸನೆ ಎಂದರೆ ಬರೀ ಗಾಳಿ. ಆ ತಾಡಪತ್ರಿಯನ್ನು ಕೊಡವಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಳೆಗಾಲ ಮುಗಿದು ಹಾವೇರಿಯ ಹೆಗ್ಗೇರಿ ಕೆರೆ ತುಂಬಿತ್ತು. ಅವ್ವ ದೋಣಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಕೊಯ್ದಳು. ಈಜು ಬಾರದವಳಾದ್ದರಿಂದ ತೇಲುವ ಅಂಗಿ ಬಿಗಿದುಕೊಂಡು ಇಳಿದೆ. ದಂಡೆ ದೂರವಾಯಿತು. ಹಾಯಿ ಪಟಪಟಿಸಿ ಫಟ್ಟನೆ ಉಬ್ಬಿತು, ಇಡೀ ಸುಗ್ಗಿಯ ಕೆಂಪು ಧೂಳು ಒಮ್ಮೆಲೇ ನನ್ನ ಮುಖಕ್ಕೆ ಬಂತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಅದನ್ನು ಕಣ್ಣಿನಿಂದ ರುಚಿ ನೋಡಿಲ್ಲ.

"ಕೂಸು ಅಳಾಕತ್ತೈತಿ, ಕರಕೊಂಬರ್ರೋ ಯಾರರ!" ದಂಡೆಯಿಂದ ಅವ್ವ ಕೂಗಿದಳು. ಕೂಸಿಗೆ ಆಗ ತಲೆಯಲ್ಲಿ ನರೆ ಬಂದಿತ್ತು.

ದೋಣಿ ವಾಲಿತು. ನೀರು ಮೊಣಕೈಗೆ ತಾಗಿತು, ಮುಗಿಯಿತು ಎಂದುಕೊಂಡೆ. ಅಭ್ಯಾಸಬಲದಿಂದ ರಟ್ಟೆಯನ್ನು ಪಕ್ಕಕ್ಕೆ ಚಾಚಿದೆ. ಹಿಡಿಯಲು ಯಾರೂ ಇರಲಿಲ್ಲ. ಹಗ್ಗ ಸಡಿಲ ಬಿಟ್ಟೆ, ಬಾನಿ ತಾನೇ ಎದ್ದು ಕೂತಿತು. ಆಗಲೇ ತಿರುಗಿ ಬರಬಹುದಿತ್ತು. ಬರಲಿಲ್ಲ, ಹಗ್ಗ ಎಳೆದು ಕೆರೆಯ ಆಚೆ ದಂಡೆಯ ತನಕ ಹೋದೆ. ಕಣ್ಣೀರು ಮೆಣಸಿನಕಾಯಿಯದು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಅರ್ಧ ಮಾತ್ರ ಖರೆ.

ತಿರುಗಿ ಬಂದಾಗ ಕಾಕಾ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಎತ್ತಿಕೊಳ್ಳಲು ಎರಡೂ ಕೈ ಚಾಚಿದವನು ಅಲ್ಲೇ ತಡೆದುಕೊಂಡ. ಹೆಗಲ ಟವೆಲ್ಲು ತೆಗೆದು ನನ್ನ ಕೈ ಮೇಲೆ ಹಾಕಿ, ಅದರಡಿಯಲ್ಲಿ ಬೆರಳು ಒತ್ತಿದ. ಒಂದೇ ಬೆರಳು.

ನಾನು ಆ ಟವೆಲ್ಲಿನಿಂದಲೇ ಕಣ್ಣೊರೆಸಿಕೊಂಡೆ. ಮೆಣಸಿನಕಾಯಿ ದಲಾಲನ ಟವೆಲ್ಲು; ಉರಿ ಇಮ್ಮಡಿಯಾಯಿತು. ಏನೂ ಕಾಣಿಸದಿದ್ದರೂ ಕೆರೆದಂಡೆಯ ಮೆಟ್ಟಿಲು ತಡವಿಕೊಂಡು ಒಬ್ಬಳೇ ದೋಣಿಯಿಂದ ಇಳಿದೆ.