ಆಷಾಢದ ಬೊಂಬೆ ಸಿನಿಮಾ

ಆಷಾಢ ಬಂತೆಂದರೆ ಬಂಗಾರಪೇಟೆಯಲ್ಲಿ ಛತ್ರದವರು, ವಾಲಗದವರು, ಅಡುಗೆಯವರು ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದರು. ನಮ್ಮ ಗುಂಪಿಗೆ ಮಾತ್ರ ಅದೇ ಸುಗ್ಗಿ. ಮದುವೆಗಳಿಲ್ಲದ ಆ ತಿಂಗಳಲ್ಲಷ್ಟೇ ಮದುವೆ ವಿಡಿಯೋ ಸ್ಟುಡಿಯೋದ ಮಿಕ್ಸಿಂಗ್ ಮೆಷಿನ್ನು ನಮ್ಮ ಕೈಗೆ ಸಿಗುತ್ತಿತ್ತು. ಅದರಲ್ಲಿ ನಾವು ಜಪಾನಿನ ಬೊಂಬೆ ಸಿನಿಮಾಗಳಿಗೆ, ಅಂದರೆ ಕಾರ್ಟೂನುಗಳಿಗೆ, ಕನ್ನಡ ಅಕ್ಷರ ಕೂರಿಸುತ್ತಿದ್ದೆವು. ಹೆಚ್ಚುಕಮ್ಮಿ ತೊಂಬತ್ತರ ದಶಕ ಪೂರ್ತಿ ಹೀಗೇ ನಡೆಯಿತು. ಯಾಕಮ್ಮ ಈ ಕೆಲಸ ಎಂದು ಕೇಳಿದವರಿಗೆ ನಾನು "ಹುಚ್ಚು" ಎಂದುಬಿಡುತ್ತಿದ್ದೆ. ನಿಜವಾದ ಕಾರಣ ನನ್ನ ತಂಗಿ.

ತಂಗಿಗೆ ಕಿವಿ ಕೇಳಿಸುವುದಿಲ್ಲ. ಮಗುವಾಗಿದ್ದಾಗ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಕಿವುಡ ಮಕ್ಕಳ ಶಾಲೆಯಲ್ಲಿ ಕನ್ನಡ ಓದಲು ಕಲಿತಳು, ಆಮೇಲೆ ಪಕೋಡ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದಿದಳು. ನಮ್ಮದು ಬೇತಮಂಗಲ ರಸ್ತೆಯ ಹಳ್ಳಿ, ಹಸು ಸಾಕಿ ಹಾಲು ಹಾಕುವ ಮನೆ. ಅಮ್ಮನಿಗೆ ಒಂದಕ್ಷರ ಬರದು. ಬಸ್ಸಿನ ಬೋರ್ಡು ಓದುವುದಕ್ಕೆ ಅವಳು ಈ ಮಗಳನ್ನೇ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ನಾವು ಮೂವರೂ ಟೆಂಟ್ ಸಿನಿಮಾಕ್ಕೆ ಹೋಗುತ್ತಿದ್ದೆವು. ಜನ ಗೊಳ್ಳೆಂದು ನಗುತ್ತಿದ್ದರು, ಅಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ತಂಗಿ ನನ್ನ ಲಂಗ ಎಳೆದು, ಅಂಗೈ ಮೇಲೆ ಮಾಡಿ ತಿರುಗಿಸುತ್ತಿದ್ದಳು. ಏನಂತೆ ಎಂದು ಅದರ ಅರ್ಥ. ನಾನು ಒಂದು ಬೆರಳೆತ್ತಿ ಇರು ಎನ್ನುತ್ತಿದ್ದೆ. ಸೀನು ಮುಗಿದ ಮೇಲೆ ಕೈಸನ್ನೆಯಲ್ಲಿ ಹೇಳಿದಾಗ ಅವಳು ನಗುತ್ತಿದ್ದಳು, ಆದರೆ ಅಷ್ಟರಲ್ಲಿ ತೆರೆಯ ಮೇಲೆ ಯಾರೋ ಸತ್ತು ಟೆಂಟಿನಲ್ಲಿ ಎಲ್ಲರೂ ಅಳುತ್ತಿದ್ದರು. ಅಳುವ ಜನರ ನಡುವೆ ನಗುವ ಹುಡುಗಿಯನ್ನು ಹಿಂದಿನವರು ಗದರಿಸುತ್ತಿದ್ದರು. ನಾನು ಎದ್ದುನಿಂತು ಅವರಿಗೆ ಚೆನ್ನಾಗಿ ಉಗಿದು ಕೂರುತ್ತಿದ್ದೆ. ಬೆಳೆಯುತ್ತಾ ಅವಳು ಸಿನಿಮಾಕ್ಕೆ ಬರುವುದನ್ನೇ ಬಿಟ್ಟಳು.

ನಾನು ಮುಂದೆ ಬಂಗಾರಪೇಟೆಯಲ್ಲಿ ಟೈಪಿಂಗ್ ಕಲಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ಪರಿಚಯವಾದವರು ಮಾರಿಕುಪ್ಪಂ ಕಡೆಯ ಒಬ್ಬ ರಿಟೈರ್ಡ್ ಟೀಚರು, ಚಿನ್ನದ ಗಣಿಯ ಕೂಲಿಯವರ ಲೈನುಮನೆಗಳಲ್ಲಿ ಹುಟ್ಟಿ ಬೆಳೆದ ತಮಿಳು ಹೆಂಗಸು. ಅವರ ತಂಗಿಯ ಮಗ ಪರದೇಶದಿಂದ ಒಂದು ಕ್ಯಾಸೆಟ್ ಕಳಿಸಿದ್ದ. ಜಪಾನಿನ ಬೊಂಬೆ ಸಿನಿಮಾ, ಮಾತೆಲ್ಲ ಜಪಾನಿ, ಚಿತ್ರದ ಕೆಳಗೆ ಹಳದಿ ಇಂಗ್ಲಿಷ್ ಅಕ್ಷರ. ಅಲ್ಲಿಯ ಅಭಿಮಾನಿಗಳು ತಾವೇ ಕೂತು ಹಾಕಿದ್ದಂತೆ. ಆ ಅಕ್ಷರ ನೋಡಿದ ಕ್ಷಣವೇ ನನಗೆ ತಂಗಿಯ ಅಂಗೈ ನೆನಪಾಯಿತು. ಅವರು ಹಾಕಬಹುದಾದರೆ ನಾವೇನು ಕಡಿಮೆ ಎನ್ನಿಸಿತು.

ನಮ್ಮ ಆ ಮೊದಲ ಸಿನಿಮಾದ ಕಥೆ ಸಣ್ಣದು. ಶ್ಯಾವಿಗೆ ಅಂಗಡಿಯ ಒಬ್ಬ ಜೋರು ಅಜ್ಜಿ, ದುಡ್ಡು ಕೊಡದೆ ತಿಂದು ಓಡಿಹೋಗುವ ಒಂದು ನರಿ. ನಾನು ಮತ್ತು ಟೀಚರು ಕೂತು ಕನ್ನಡ ಮಾಡಿದೆವು. ಬರೆಯುವುದಕ್ಕೆ ಸಿಕ್ಕವನು ಸ್ಟೇಷನ್ ರಸ್ತೆಯ ಬೋರ್ಡು ಬರೆಯುವ ಪೇಂಟರು. ಕಪ್ಪು ಕಾಗದದ ಉದ್ದನೆಯ ಸುರುಳಿಯ ಮೇಲೆ ಅವನು ಬಿಳಿ ಬಣ್ಣದಲ್ಲಿ ಒಂದೊಂದೇ ಮಾತು ಬರೆಯಬೇಕು, ಸುರುಳಿಯನ್ನು ಎರಡು ಕೋಲಿಗೆ ಸುತ್ತಿ ಕ್ಯಾಮೆರಾ ಮುಂದೆ ನಾನು ಕೈಯಲ್ಲಿ ತಿರುಗಿಸಬೇಕು, ಸ್ಟುಡಿಯೋದವನು ಆ ಬಿಳಿ ಅಕ್ಷರವನ್ನು ಮೆಷಿನ್ನಿನಲ್ಲಿ ಚಿತ್ರದ ಮೇಲೆ ಕೂರಿಸಬೇಕು. ಹೇಳುವುದಕ್ಕೆ ಇಷ್ಟೇ.

ಪೇಂಟರಿಗೆ ಅಂಗಡಿ ಬೋರ್ಡಿನ ಕೈ. ಅಕ್ಷರ ಒಂದೊಂದೂ ಕುಂಬಳಕಾಯಿಯಷ್ಟು. ನಾನು ಬರೆದ ವಾಕ್ಯ ನೋಡಿ ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ, "ಮೇಡಮ್ಮ, ಇಷ್ಟುದ್ದ ಇಡ್ಸಾಕಿಲ್ಲ. ಅರ್ಧ ಕತ್ತರ್ಸಿ."

"ನಾನು ಬರೆದದ್ದಕ್ಕೆ ಕತ್ತರಿ ಹಾಕೋಕೆ ನೀನ್ಯಾರಯ್ಯ?"

"ನಾನೇನಿಲ್ಲಮ್ಮ. ಕಾಗ್ದ ಯೋಳ್ತಾ ಅದೆ."

ಮೂರು ದಿನ ಅವನ ಜೊತೆ ಮಾತು ಬಿಟ್ಟೆ, ಆಮೇಲೆ ಎಲ್ಲವನ್ನೂ ಕತ್ತರಿಸಿದೆ. ಸ್ಟುಡಿಯೋದವನ ಕಾಟ ಇನ್ನೊಂದು ಬಗೆ. ಮದುವೆ ಮಾಡಿ ಮಾಡಿ ಅವನಿಗೆ ಯಾವ ಚಿತ್ರವನ್ನೂ ಬರಿದಾಗಿ ಬಿಟ್ಟು ಅಭ್ಯಾಸವಿಲ್ಲ. ಅಜ್ಜಿ ಸೌಟು ಹಿಡಿದು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಮೇಲಿನಿಂದ ಗುಲಾಬಿ ದಳ ಉದುರಿಸಿದ್ದ. ನಾನು ಬೈದರೆ, "ನೋಡಾಕ್ ಲಕ್ಷಣವಾಗೈತೆ, ಇರ್ಲಿ ಬುಡಕ್ಕಾ," ಎಂದ.

ತಂಗಿಗೆ ವಿಷಯ ತಿಳಿದಾಗ ಅವಳು ಒಂದೇ ಷರತ್ತು ಹಾಕಿದಳು. ಮೊದಲೇ ನನಗೆ ಏನೂ ಹೇಳಬೇಡ, ಎಲ್ಲರೂ ನೋಡುವಾಗ ಎಲ್ಲರ ಜೊತೆ ನೋಡುತ್ತೇನೆ ಎಂದು ಕೈಯಲ್ಲಿ ಹೇಳಿದಳು. ಆಷಾಢದ ಕೊನೆಯ ಭಾನುವಾರ ಮಧ್ಯಾಹ್ನ, ಖಾಲಿ ಬಿದ್ದಿದ್ದ ಛತ್ರದಲ್ಲಿ ಟೀವಿ ಇಟ್ಟು ತೋರಿಸುವುದೆಂದು ಮಾತಾಯಿತು. ಅವಳು ಹೋದ ವರ್ಷದ ಹಬ್ಬದ ಸೀರೆ ತೆಗೆದು ಇಸ್ತ್ರಿ ಮಾಡಿಸಿಟ್ಟಳು. ಅದನ್ನು ನೋಡಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಅನಾಹುತವಾದದ್ದು ಆಗಲೇ. ಸ್ಟುಡಿಯೋದವನು ಬೆಳಿಗ್ಗೆ ವೈಶಾಖದ ಬಾಕಿ ಮದುವೆಗಳನ್ನು ಮಿಕ್ಸ್ ಮಾಡುತ್ತಿದ್ದ, ಮಧ್ಯಾಹ್ನ ನಮ್ಮದು. ಒಂದು ಬೆಳಿಗ್ಗೆ ನಮ್ಮ ಸುರುಳಿ ಕ್ಯಾಮೆರಾ ಮುಂದೆ ಹಾಗೇ ನಿಂತಿತ್ತು, ಮೆಷಿನ್ನಿನಲ್ಲಿ ಅಕ್ಷರ ಕೂರಿಸುವ ಬಟನ್ನೂ ಒತ್ತಿದಂತೆಯೇ ಇತ್ತು. ಅವನು ಮಾಂಗಲ್ಯಧಾರಣೆಯ ಭಾಗ ಓಡಲು ಬಿಟ್ಟು ಟೀ ಕುಡಿಯಲು ಹೋದ. ಕ್ಯಾಸೆಟ್ಟು ಹಾಗೇ ಹೆಣ್ಣಿನ ಮನೆಗೆ ಹೋಯಿತು. ಮದುಮಗ ತಾಳಿ ಕಟ್ಟುತ್ತಿದ್ದಾನೆ, ಗಟ್ಟಿಮೇಳ ಬಾರಿಸುತ್ತಿದೆ, ಕೆಳಗೆ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ನಮ್ಮ ಅಜ್ಜಿಯ ಮಾತು: "ಸಿಕ್ಕಿಬಿದ್ದೆಯಾ ಕಳ್ಳ? ಇನ್ನು ಸಾಯೋವರೆಗೂ ಪಾತ್ರೆ ತೊಳಿ."

ಮಾರನೆಯ ದಿನವೇ ಹೆಣ್ಣಿನ ತಂದೆ ಸ್ಟುಡಿಯೋಗೆ ಬಂದರು. "ನಮ್ ಅಳಿಯಂದ್ರಿಗೆ ಪಾತ್ರೆ ತೊಳಿ ಅಂತ ಬರ್ದಿದೀರಲ್ಲ, ಒಟ್ಟೆಗೇನ್ ತಿಂತೀರಾ? ಬೀಗ್ರು ನೋಡಿದ್ರೆ ನನ್ ಮಾನ ಏನಾಗ್ಬೇಕು?"

ಅವರು ಹೋದ ಮೇಲೆ ಸ್ಟುಡಿಯೋದವನು ನಮ್ಮ ಕ್ಯಾಸೆಟ್ಟು, ಸುರುಳಿ ಎರಡನ್ನೂ ತಂದು ನನ್ನ ಕೈಗಿಟ್ಟ. "ಅಕ್ಕಾ, ಕೈ ಮುಗೀತೀನಿ. ಇನ್ಮ್ಯಾಕೆ ನಿಮ್ ಬೊಂಬೆ ನನ್ ಅಂಗ್ಡಿಗ್ ಬ್ಯಾಡ." ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಅವೆರಡನ್ನೂ ಕಂಕುಳಿಗಿಟ್ಟುಕೊಂಡು ಹೊರಟೆ. ಇನ್ನೂ ಕೊನೆಯ ಭಾಗಕ್ಕೆ ಅಕ್ಷರ ಹಾಕುವುದಿತ್ತು. ಮನೆಗೆ ಬಂದು ತಂಗಿಗೆ ಆಗುವುದಿಲ್ಲವಂತೆ ಎಂದು ಕೈಯಾಡಿಸಿದೆ. ಅವಳು ತಲೆಯಾಡಿಸಿ, ಸೀರೆ ಮಡಿಸಿ ಪೆಟ್ಟಿಗೆಗಿಟ್ಟು ಹಾಲು ಕರೆಯಲು ಹೋದಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ವಾರ ಸ್ಟುಡಿಯೋದವನೇ ಪೇಂಟರ ಕೈಯಲ್ಲಿ ಹೇಳಿ ಕಳಿಸಿದ. ಹೋಗಿ ನೋಡಿದರೆ ಆ ಮದುಮಗಳು ಬೆಂಚಿನ ಮೇಲೆ ಕೂತಿದ್ದಳು, ಬಾಗಿಲಲ್ಲಿ ಅವಳ ತಂದೆ ರಸ್ತೆ ನೋಡುತ್ತಾ ನಿಂತಿದ್ದರು. ಆಷಾಢವೆಂದು ಅವಳು ತವರಿಗೆ ಬಂದಿದ್ದಳು. ಗಂಡನಾದವನು ಬರಬಾರದು, ಆದರೂ ಹುಲ್ಲಿನ ವ್ಯಾಪಾರದ ನೆಪ ಹೇಳಿಕೊಂಡು ಬಂದು ಕ್ಯಾಸೆಟ್ಟು ನೋಡಿಬಿಟ್ಟಿದ್ದ.

"ನಮ್ಮೋರು ನಕ್ಕೂ ನಕ್ಕೂ ಕೆಮ್ಮು ಬಂತಕ್ಕಾ," ಎಂದಳು ಹುಡುಗಿ, ನಾಚಿಕೊಂಡು. "ಊಟ ಆದ್ಮೇಲೆ ತಟ್ಟೆ ತಕ್ಕೊಂಡು ಅವ್ರೇ ಬಚ್ಚಲಿಗ್ ಓದ್ರು. ಅದುಕ್ಕೆ ಆ ಕಳ್ಳ ಏನಂದ ಅಂತ ತಿಳ್ಕೊಂಡ್ ಬಾ ಅಂದವ್ರೆ."

"ಅದನ್ನ ಹೇಳೋದಕ್ಕಾಗಲ್ಲ," ಎಂದೆ ನಾನು, ಸ್ಟುಡಿಯೋದವನ ಕಡೆ ನೋಡುತ್ತಾ. "ಬಂದು ನೋಡಬೇಕು. ಅದಿನ್ನೂ ಮುಗಿದಿಲ್ಲ."

ಅವನು ತಲೆ ಕೆರೆದುಕೊಂಡ. ಬಾಗಿಲಲ್ಲಿದ್ದ ತಂದೆ ತಿರುಗದೆಯೇ ಹೇಳಿದರು, "ಮುಗ್ಸಿಕೊಡಪ್ಪ ಅತ್ಲಾಗೆ. ಆದ್ರೆ ಬೀಗ್ರಿಗ್ ಕೊಡಾಕೆ ನಂಗೆ ಬ್ಯಾರೆ ಕ್ಯಾಸೆಟ್ ಮಾಡ್ಕೊಡು."

ಆಷಾಢದ ಆ ಕೊನೆಯ ಭಾನುವಾರ ಛತ್ರದಲ್ಲಿ ಜಮಖಾನೆ ತುಂಬ ಜನ. ಮದುಮಗಳ ಮನೆಯವರು, ಟೀಚರ ಜೊತೆ ರೈಲಿನಲ್ಲಿ ಬಂದ ನಾಲ್ಕಾರು ಮಂದಿ, ಪೇಂಟರ ಸಂಸಾರ. ತಂಗಿ ಇಸ್ತ್ರಿಯ ಸೀರೆಯುಟ್ಟು ಮುಂದೆ ಕೂತಿದ್ದಳು, ಪಕ್ಕದಲ್ಲಿ ಅಮ್ಮ. ನಾನು ಟೀವಿಯ ಬದಿಯಲ್ಲಿ ನಿಂತು ಜನರ ಮುಖವನ್ನೇ ನೋಡುತ್ತಿದ್ದೆ. ಕನ್ನಡವನ್ನು ಬಾಯಿ ಆಡಿಸಿಕೊಂಡು ಓದುವವರೇ ಹೆಚ್ಚು, ಕೆಲವರು ಬೆರಳು ಬೇರೆ ಆಡಿಸುತ್ತಿದ್ದರು. ತಂಗಿಯ ಕಣ್ಣು ಮಾತ್ರ ಅಕ್ಷರದ ಮೇಲೆ ಸರಕ್ಕನೆ ಹೋಗಿ ಚಿತ್ರಕ್ಕೆ ಬರುತ್ತಿತ್ತು.

ಅಜ್ಜಿಯ ಮಾತು ಬಂದಾಗ ಮದುಮಗಳ ಮನೆಯವರೆಲ್ಲ ಕೂಗಿದರು, ಅವರಿಗೆ ಅದು ಬಾಯಿಪಾಠ. ಮುಂದಿನದು ನರಿಯ ಉತ್ತರ. ನಾನು ಸ್ಟುಡಿಯೋದಲ್ಲಿ ಸುರುಳಿ ತಿರುಗಿಸುವಾಗ ಅವಸರ ಮಾಡಿದ್ದರಿಂದ ನರಿ ಬಾಯಿ ತೆರೆಯುವ ಮುಂಚೆಯೇ ಅಕ್ಷರ ಬಂದುಬಿಟ್ಟಿತು: "ಹಾಗಾದ್ರೆ ಇನ್ನೊಂದು ಬಟ್ಟಲು ಹಾಕಜ್ಜಿ. ಹೇಗೂ ತೊಳೆಯೋನು ನಾನೇ."

ಇಡೀ ಛತ್ರ ಇನ್ನೂ "ಬಟ್ಟಲು" ಎಂಬ ಮಾತಿನ ಹತ್ತಿರ ಓದುತ್ತಿತ್ತು. ತಂಗಿ ನಕ್ಕಳು. ತನ್ನ ದನಿ ತನಗೇ ಕೇಳಿಸದವಳ ನಗು, ಛತ್ರದ ಸೂರಿಗೆ ಮುಟ್ಟುವಂಥದು. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಓದಿ ಮುಗಿಸಿ, ಛತ್ರಕ್ಕೆ ಛತ್ರವೇ ನಕ್ಕಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಜನರ ಕಡೆ ನೋಡಿದೆ.

ನಗದೆ ಉಳಿದವಳು ಅಮ್ಮ ಒಬ್ಬಳೇ. ಅವಳಿಗೆ ಜಪಾನಿಯೂ ಬಾರದು, ಅಕ್ಷರವೂ ಬಾರದು. ಅವಳು ತಂಗಿಯ ಸೆರಗು ಎಳೆದು, ಅಂಗೈ ಮೇಲೆ ಮಾಡಿ ತಿರುಗಿಸಿದಳು. ತಂಗಿ ಟೀವಿಯಿಂದ ಕಣ್ಣು ತೆಗೆಯದೆ, ನಗುತ್ತಲೇ, ಒಂದು ಬೆರಳೆತ್ತಿದಳು. ಇರು.