ಕಾಲುಪಾಲು ಹೆಸರಿನದು

ಹೆರಿಗೆಯಾದ ಮೇಲೆ ಮೊದಲ ಸಲ ಈಜುಕೊಳದ ಕಡೆ ಹೋದ ದಿನವೇ ಮಾಗ್ನೂಸೀನಾಳಿಗೆ ತಲೆ ಕೆಟ್ಟಿತು. ಆ ಕಡೆಯ ರೂಢಿಯಂತೆ ಮಗು ಮಲಗಿದ್ದ ಗಾಡಿಯನ್ನು ಹೊರಗೇ, ಗಾಳಿ ತಾಗದಂತೆ ಗೋಡೆಗೆ ಒತ್ತಿ ನಿಲ್ಲಿಸಿ, ಹೊದಿಕೆ ಸರಿಮಾಡಿ, ಸುಮ್ಮನೆ ಒಂದು ಸಲ ಇಣುಕಿ ಬರೋಣವೆಂದು ಒಳಗೆ ಕಾಲಿಟ್ಟಿದ್ದಳು. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ, ತಲೆಗೆ ಉಣ್ಣೆಟೋಪಿ ಹಾಕಿಕೊಂಡು ಕೂತಿದ್ದ ಮುದುಕ ಕೇಟಿಲ್ ಎಂದಿನಂತೆ ಅವಳನ್ನು ಅವಳಜ್ಜನ ಹೆಸರಿನಿಂದಲೇ ಕೂಗಿದ.

"ಏನಪ್ಪಾ ಮಾಗ್ನೂಸ್! ಮಗಳಿಗೆ ಏನು ಹೆಸರು?"

"ಭಾನುವಾರ ಚರ್ಚಿಗೆ ಬಾ ಕೇಟಿಲಜ್ಜ, ಗೊತ್ತಾಗುತ್ತೆ."

"ನನ್ನ ಕಿವೀಲಿ ಹೇಳು. ಯಾರಿಗೂ ಹೇಳಲ್ಲ."

"ನಿನ್ನ ಕಿವೀಲಿ ಹೇಳೋದೂ ಒಂದೇ, ರೇಡಿಯೋದಲ್ಲಿ ಹೇಳೋದೂ ಒಂದೇ."

ತೊಟ್ಟಿಯಲ್ಲಿದ್ದವರೆಲ್ಲ ನಕ್ಕರು. ಕೇಟಿಲ್ ಪಕ್ಕದವನ ಭುಜ ತಿವಿದ. "ನೋಡ್ದಾ? ಬಾಯಿ ಬಿಡಲ್ಲ. ಇವಳಜ್ಜನೂ ಹೀಗೇ. ಮೀನು ಎಲ್ಲಿ ಸಿಕ್ತೋ ಅಂದ್ರೆ ಸಮುದ್ರದಲ್ಲಿ ಅನ್ನೋನು. ಕಾಲುಪಾಲು!"

ಅವಳು ಹೊರಗೆ ಬಂದಳು. ಆ ಒಂದು ಮಾತನ್ನು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಮನುಷ್ಯನ ಗುಣದಲ್ಲಿ ಕಾಲುಪಾಲು ಹೆಸರಿನಿಂದ ಬರುತ್ತದೆ ಎನ್ನುವುದು ಐಸ್‌ಲ್ಯಾಂಡಿನಲ್ಲಿ ಹಳೆಯ ಗಾದೆ. ಬೇರೆ ಊರುಗಳಲ್ಲಿ ಅದನ್ನು ಹೇಳಿ ಮರೆಯುತ್ತಾರೆ. ಪಶ್ಚಿಮದ ಕಡಲತೋಳಿನ ದಡದಲ್ಲಿದ್ದ ಅವಳ ಪುಟ್ಟ ಊರು ಮಾತ್ರ ಅದನ್ನು ಗಟ್ಟಿಯಾಗಿ ನಂಬಿಕೊಂಡಿತ್ತು.

ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಾಯಿಯ ತಂದೆ ಮಾಗ್ನೂಸ್ ಮೀನಿನ ಹಡಗಿನ ಜೊತೆ ಮುಳುಗಿಹೋಗಿದ್ದ. ಹೆರಿಗೆಗೆ ಸ್ವಲ್ಪ ಮುಂಚೆ ತಾಯಿ ದಾಗ್ರೂನ್‌ಗೆ ಕನಸು ಬಿತ್ತು. ಅಪ್ಪ ಒದ್ದೆ ಬೂಟಿನಲ್ಲೇ ಅಡುಗೆಮನೆಗೆ ಬಂದ, ಕಾಫಿ ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ, ಸುಮ್ಮನೆ ಕೂತ. ಸತ್ತವರು ಬಸುರಿಯ ಕನಸಿಗೆ ಬಂದರೆ ಅದಕ್ಕೆ ಇರುವುದು ಒಂದೇ ಅರ್ಥ: ಹೆಸರು ಕೇಳಲು ಬಂದಿದ್ದಾರೆ. ಗಂಡಾಗಿದ್ದರೆ ಮಾಗ್ನೂಸ್ ಎಂದಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಹೆಣ್ಣಾಯಿತು. ಆ ಕಡೆಯ ಪದ್ಧತಿಯಂತೆ ಗಂಡಸಿನ ಹೆಸರಿಗೇ ಒಂದು ಬಾಲ ಅಂಟಿಸಿ ಮಾಗ್ನೂಸೀನಾ ಎಂದರು. ಹುಟ್ಟಿದ ಕೂಸಿಗೆ ಅಜ್ಜನ ಕೋಟು ತೊಡಿಸಿ ತೋಳು ಮಡಚಿದ ಹಾಗೆ.

ಆ ಕೋಟಿನಲ್ಲೇ ಅವಳು ಬೆಳೆದಳು. ತರಗತಿಯಲ್ಲಿ ಉಳಿದ ಹುಡುಗಿಯರ ಹೆಸರುಗಳೆಲ್ಲ ಹೂವಿನ ಹಾಗೆ, ಹಾಡಿನ ಹಾಗೆ ಇದ್ದವು. ಇವಳ ಹೆಸರನ್ನು ಕರೆದರೆ ಹೊಸ ಮೇಷ್ಟರು ಯಾವುದೋ ಮುದುಕಿ ಎದ್ದು ನಿಲ್ಲುತ್ತಾಳೆಂದು ಕಾಯುತ್ತಿದ್ದರು. ಹಟ ಮಾಡಿದರೆ ಮಾಗ್ನೂಸನ ಹಟ. ಸಕ್ಕರೆ ತುಂಡು ಕಚ್ಚಿಕೊಂಡು ಹಾಲು ಕುಡಿದರೆ ಮಾಗ್ನೂಸ್ ಕಾಫಿ ಕುಡಿಯುತ್ತಿದ್ದದ್ದೇ ಹಾಗೆ. ಗಣಿತದಲ್ಲಿ ಚೆನ್ನಾಗಿ ಮಾಡಿದಳು. ಅದೊಂದು ಯಾರಿಂದ ಬಂತೆಂದು ಯಾರೂ ಹೇಳಲಿಲ್ಲ, ಮಾಗ್ನೂಸನಿಗೆ ಲೆಕ್ಕ ಬರುತ್ತಿರಲಿಲ್ಲ. ಸಿಟ್ಟಿಗೆ ಈಜು ಕಲಿತಳು. ಊರಲ್ಲೇ ಈಜು ಕಲಿಸುವವಳಾದಳು. ಆಗಲೂ ಜನ ತಲೆದೂಗಿದರು: "ನೀರು ಎಳೀತು ನೋಡಿ, ಪಾಪ."

"ಅಜ್ಜನಿಗೆ ಈಜೇ ಬರ್ತಿರಲಿಲ್ಲ!" ಎಂದು ಅವಳು ಕಿರುಚಿದ್ದಳು.

"ಅದಕ್ಕೇ. ಬಾಕಿ ಉಳಿದಿತ್ತಲ್ಲ."

ಇಂಥವರ ಜೊತೆ ವಾದ ಮಾಡುವುದು ಹೇಗೆ?

ಹತ್ತೊಂಬತ್ತಕ್ಕೆ ಅವಳು ರಾಜಧಾನಿಗೆ ಹೋಗಿ ಹೆಸರು ಬದಲಾಯಿಸಿಕೊಂಡೇ ಬರುತ್ತೇನೆಂದು ಚೀಲ ಕಟ್ಟಿದಳು. ಹೊರಡುವ ಮೊದಲು ಅಜ್ಜಿ ಸಾಲೋಮೆಯನ್ನು ನೋಡಲು ಹೋದಳು. ಮಾಗ್ನೂಸನ ಹೆಂಡತಿ ಅವಳು. ಅಜ್ಜಿ ಬಾಗಿಲು ತೆರೆದು, ಇವಳ ಕೆನ್ನೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, "ಬಂದ್ಯಾ ನನ್ನ ಮಾಗ್ನೂಸ್" ಎಂದಳು. ಚಪ್ಪಟೆ ರೊಟ್ಟಿಗೆ ಹೊಗೆಯಾಡಿಸಿದ ಕುರಿಮಾಂಸ ಇಟ್ಟು ಕೊಟ್ಟಳು. ಇವಳು ತಿಂದಳು. ಬಸ್ಸು ಹೋಯಿತು. ತನ್ನ ಮೆತ್ತನೆಯ ಮನಸ್ಸಿನ ಮೇಲೆ ಅವಳಿಗೆ ಇವತ್ತಿಗೂ ಕೋಪ.

ಹಾಗಾಗಿ ಹೊಟ್ಟೆಯಲ್ಲಿ ಮಗು ಮಿಸುಕಿದ ದಿನವೇ ಅವಳು ಗಂಡ ಊಲ್ಫಾರ್‌ಗೆ ಹೇಳಿಬಿಟ್ಟಿದ್ದಳು: ತನ್ನ ಮಗು ಯಾವ ಸತ್ತವರ ಕೋಟನ್ನೂ ತೊಡಬಾರದು. ಅದಕ್ಕೆ ಖಾಲಿ ಹೆಸರು ಬೇಕು, ಯಾರೂ ತೊಟ್ಟು ಬಿಟ್ಟದ್ದಲ್ಲ. ಊಲ್ಫಾರ್ ದಕ್ಷಿಣದವನು, ಕರೆಂಟಿನ ಕೆಲಸದವನು, ಮಾತು ಕಡಿಮೆ. "ಸರಿ" ಎಂದ. ಇಬ್ಬರೂ ಕೂತು ಎರಡೂ ಮನೆತನಗಳ ಹೆಸರುಗಳನ್ನೆಲ್ಲ ಜಾಲಾಡಿ, ಎಲ್ಲೂ ಇಲ್ಲದ ಒಂದನ್ನು ಆರಿಸಿದರು: ಲೋವಾ. ವಸಂತದಲ್ಲಿ ಮೊದಲು ಬರುವ ಹಕ್ಕಿಯ ಹೆಸರು. ಹಗುರ, ಪುಟ್ಟ, ಯಾರದ್ದೂ ಅಲ್ಲ.

ನಾಮಕರಣದವರೆಗೂ ಹೆಸರನ್ನು ಬಾಯಿಬಿಡಬಾರದೆಂಬುದು ಅಲ್ಲಿನ ರೂಢಿಯಾದ್ದರಿಂದ ಮನೆಯಲ್ಲೂ ಮಗುವನ್ನು "ಹುಡುಗಿ" ಎಂದೇ ಕರೆಯುತ್ತಿದ್ದರು. ಈ ಗುಟ್ಟಿನ ದಿನಗಳಲ್ಲೇ ಕನಸುಗಳ ಕಾಟ ಶುರುವಾಯಿತು. ಮೊದಲು ಅತ್ತೆ ಫೋನು ಮಾಡಿದಳು. ಅವಳ ಸತ್ತ ಅಪ್ಪ ಇಂಗಿಮುಂದುರ್ ಕೈಗಾಡಿ ತಳ್ಳಿಕೊಂಡು ಕನಸಿಗೆ ಬಂದಿದ್ದನಂತೆ.

"ಗಾಡೀಲಿ ಏನಿತ್ತು ಅತ್ತೆ?"

"ಆಲೂಗಡ್ಡೆ."

"ಹಾಗಾದ್ರೆ ಆಲೂಗಡ್ಡೆ ಕೊಡೋಕೆ ಬಂದಿದ್ರು. ಹೆಸರು ಕೇಳೋಕಲ್ಲ."

ಮಾರನೆಯ ದಿನ ತಾಯಿ ದಾಗ್ರೂನ್ ಬಂದಳು. ಮೊಮ್ಮಗಳ ಬಟ್ಟೆ ಮಡಚುತ್ತ, ತಲೆ ಎತ್ತದೆ, "ನಿನ್ನಜ್ಜಿ ಬಂದಿದ್ಲು ಕಣೆ" ಎಂದಳು. ಸಾಲೋಮೆ ತೀರಿಕೊಂಡು ವರ್ಷ ತುಂಬಿತ್ತು.

"ಅಮ್ಮಾ, ಬೇಡ."

"ಬಾಗಿಲ ಹತ್ರ ನಿಂತಿದ್ಲು. ಶೂನೂ ಬಿಚ್ಚಿರಲಿಲ್ಲ."

"ಅಜ್ಜಿ ಬದುಕಿದ್ದಾಗ ಶೂ ಬಿಚ್ಚದೆ ಯಾರ ಮನೇಗೂ ಕಾಲಿಟ್ಟೋಳಲ್ಲ."

"ಅದಕ್ಕೇ ಹೇಳೋದು. ಅವಸರದಲ್ಲಿದ್ಲು."

"ಅಮ್ಮಾ, ಬಸುರೀಲಿ ನನಗೆ ಒಂದು ಕನಸೂ ಬೀಳಲಿಲ್ಲ. ಈಗ ಹೆತ್ತಾಯ್ತು. ನಿಮ್ಮ ಸತ್ತವರು ತಡವಾಗಿ ಬಂದ್ರೆ ನಾನೇನು ಮಾಡ್ಲಿ?"

ದಾಗ್ರೂನ್ ಒಂದು ಪುಟ್ಟ ಕಾಲುಚೀಲವನ್ನು ಇನ್ನೊಂದರೊಳಗೆ ತುರುಕಿದಳು. "ನಿನ್ನ ಮಗು, ನಿನ್ನಿಷ್ಟ. ನಾನು ಕಂಡದ್ದು ಹೇಳ್ದೆ."

ನಿಜವಾದ ತಲೆನೋವು ಬೇರೆಯೇ ಇತ್ತು. ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತವರೇ ಪಾದ್ರಿ ಕೇಳಿದಾಗ ಹೆಸರು ಹೇಳಬೇಕು. ಅವರು ಹೇಳಿದ್ದನ್ನು ಪಾದ್ರಿ ಹೇಳಿ ನೀರು ಹಾಕಿದರೆ ಮುಗಿಯಿತು, ಅದೇ ಹೆಸರು. ತಾಯಿಗೆ ಮಗು ಕೊಡದಿದ್ದರೆ ಸಾಯುವ ತನಕ ಆ ನೋವು ಹೋಗದು. ಕೊಟ್ಟರೆ, ಆ ಕ್ಷಣದಲ್ಲಿ ಬಾಯಿಂದ ಸಾಲೋಮೆ ಎಂದು ಬಂದುಬಿಟ್ಟರೆ?

"ನೀನೇ ಎತ್ತಿಕೋ" ಎಂದ ಊಲ್ಫಾರ್.

"ನನ್ನಮ್ಮನಿಗೆ ಮುಖ ತೋರಿಸೋದು ನೀನಾ, ನಾನಾ?"

ಕೊನೆಗೆ ಮಗುವನ್ನು ತಾಯಿಗೇ ಕೊಟ್ಟಳು. ಆದರೆ ಹೆಸರನ್ನು ಮಾತ್ರ ಭಾನುವಾರ ಚರ್ಚಿನ ಬಾಗಿಲಲ್ಲಿ, ಉದ್ದನೆಯ ಬಿಳಿ ಅಂಗಿಯ ಮಡಿಕೆ ಸರಿಮಾಡುವ ನೆಪದಲ್ಲಿ ಬಗ್ಗಿ, ತಾಯಿಯ ಕಿವಿಯಲ್ಲಿ ಹೇಳಿದಳು. "ಲೋವಾ. ಬರೀ ಲೋವಾ. ಹಿಂದೆ ಮುಂದೆ ಏನೂ ಇಲ್ಲ."

ದಾಗ್ರೂನ್ ತಟಕ್ಕನೆ ಮಗಳ ಮುಖ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆರ್ಗನ್ ಶುರುವಾಯಿತು.

ಊರಿಗೆ ಊರೇ ಬಂದಿತ್ತು. ಪಾದ್ರಿ ಕೇಳಿದರು, "ಮಗುವಿನ ಹೆಸರೇನು?"

ದಾಗ್ರೂನ್ ಮಗುವನ್ನು ನೋಡುತ್ತಲೇ ನಿಂತಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪಾದ್ರಿಯ ಅಂಗೈಯಲ್ಲಿದ್ದ ನೀರು ಹನಿಹನಿಯಾಗಿ ಬೋಗುಣಿಗೆ ಇಳಿಯಿತು. ಮಾಗ್ನೂಸೀನಾ ಊಲ್ಫಾರನ ಬೆರಳುಗಳನ್ನು ಹಿಂಡಿ ಹಿಪ್ಪೆ ಮಾಡಿದಳು. ಹೋಯಿತು, ಈಗ ಅಜ್ಜಿಯ ಹೆಸರು ಬೀಳುತ್ತದೆ, ನನ್ನ ಮಗುವಿಗೂ ಕೋಟು ಬಂತು.

"ಲೋವಾ" ಎಂದಳು ದಾಗ್ರೂನ್. ಅವಳ ದನಿ ಒಡೆದಿತ್ತು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

ಮಾಗ್ನೂಸೀನಾ ಉಸಿರು ಬಿಟ್ಟಳು. ಬಿಟ್ಟ ಉಸಿರು ಮುಗಿಯುವ ಮೊದಲೇ ಹಿಂದಿನ ಮುದುಕರ ಸಾಲಿನಲ್ಲಿ ಗುಜುಗುಜು ಎದ್ದಿತು. ಅಚ್ಚರಿ ಪಟ್ಟವರ ಸದ್ದಲ್ಲ ಅದು, ಮೊದಲೇ ಗೊತ್ತಿತ್ತು ಎನ್ನುವವರ ಸದ್ದು.

ಆಮೇಲೆ ಕೇಕು, ಕಾಫಿ. ಕೇಟಿಲ್ ತಟ್ಟೆ ತುಂಬ ಕೆನೆ ಹಚ್ಚಿದ ಪ್ಯಾನ್‌ಕೇಕು ಹಾಕಿಕೊಂಡು ಎದುರಿಗೆ ಬಂದು ನಿಂತ. ಅವನ ಕಣ್ಣೂ ಕೆಂಪಾಗಿತ್ತು.

"ಶಭಾಷ್ ಮಾಗ್ನೂಸ್. ನಾವೆಲ್ಲ ಮರೆತೇ ಬಿಟ್ಟಿದ್ವಿ. ನೀನು ಮರೀಲಿಲ್ಲ."

"ಏನನ್ನ ಮರೀಲಿಲ್ಲ?"

"ಲೋವಾನ! ನಿನ್ನಜ್ಜನ ಮೊದಲನೇ ದೋಣಿ. ಹುಟ್ಟು ಹಾಕೋ ದೋಣಿ. ನಾನೂ ಅವನೂ ಅದ್ರಲ್ಲೇ ಮೀನು ಹಿಡಿಯೋಕೆ ಕಲಿತದ್ದು."

ಮಾಗ್ನೂಸೀನಾ ತಾಯಿಯ ಕಡೆ ತಿರುಗಿದಳು. ದಾಗ್ರೂನ್ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. "ನಾನು ಸಣ್ಣೋಳಿದ್ದಾಗ ಅಪ್ಪ ನನ್ನನ್ನ ಅದರ ಮೂತೀಲಿ ಕೂರಿಸ್ಕೊಂಡು ಹೋಗ್ತಿದ್ರು. ಒಂದು ಕೆಟ್ಟ ಚಳಿಗಾಲದಲ್ಲಿ ಒಡೆದು ಒಲೆಗೆ ಹಾಕಿದ್ರು. ಆಮೇಲೆ ಅದರ ಹೆಸರು ಯಾರೂ ಎತ್ತಲೇ ಇಲ್ಲ. ನಿನಗೆ ಯಾರು ಹೇಳಿದ್ರು? ಅಜ್ಜೀನಾ?"

"ಯಾರೂ ಹೇಳಿಲ್ಲ!" ಅವಳ ದನಿಗೆ ಕೇಕಿನ ಮೇಜೇ ತಿರುಗಿ ನೋಡಿತು. "ನಂಗೆ ಗೊತ್ತೇ ಇರಲಿಲ್ಲ! ಲೋವಾ ಅಂದ್ರೆ ಹಕ್ಕಿ! ಯಾರದ್ದೂ ಅಲ್ಲದ ಹೆಸರು ಅಂತ ಹುಡುಕಿ ಹುಡುಕಿ ಇಟ್ಟದ್ದು!"

ಹೇಳಬಾರದ್ದನ್ನು ಹೇಳಿದೆನೆಂದು ಅವಳಿಗೆ ಅಷ್ಟರಲ್ಲೇ ಗೊತ್ತಾಯಿತು. ಕೇಟಿಲನ ಮುಖ ನಿಧಾನವಾಗಿ ಅರಳಿತು.

"ಗೊತ್ತೇ ಇರಲಿಲ್ವಾ?" ಅವನು ತಟ್ಟೆಯನ್ನು ಮೇಜಿಗಿಟ್ಟ. "ಕೇಳಿದ್ರೇನ್ರೋ? ಇವಳಿಗೆ ಗೊತ್ತೇ ಇರಲಿಲ್ವಂತೆ! ಹಾಗಾದ್ರೆ ಇವಳು ಇಟ್ಟದ್ದಲ್ಲ. ಅವನೇ ಇಟ್ಟದ್ದು!"

"ಕಾಲುಪಾಲು" ಎಂದರು ಯಾರೋ, ಪ್ರಾರ್ಥನೆಯ ಕೊನೆಗೆ ಹೇಳುವ ಹಾಗೆ.

ಮಾಗ್ನೂಸೀನಾ ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ನಡೆದಳು. ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಊಲ್ಫಾರ್ ಬಟ್ಟೆಯ ಚೀಲ ಹಿಡಿದು ಹಿಂದೆಯೇ ಬಂದ. ತಾಯಿ ಬಂದಳು. ಕೇಟಿಲ್‌ನನ್ನು ಯಾರೂ ಕರೆದಿರಲಿಲ್ಲ, ಅವನೂ ಬಂದ.

ಅವಳು ಮಗುವನ್ನು ಮಲಗಿಸಿ ಅಂಗಿಯ ಗುಂಡಿ ಬಿಚ್ಚತೊಡಗಿದಳು. ತಾಯಿ ಬಾಗಿಲಲ್ಲೇ ನಿಂತಿದ್ದಳು, ಬೈಸಿಕೊಳ್ಳಲು ತಯಾರಾಗಿ, ಆದರೂ ಮುಖದ ಬೆಳಕನ್ನು ಅಡಗಿಸಲಾಗದೆ. ಆ ಮುಖ ನೋಡಿ ಬೈಗುಳ ಬಾಯಲ್ಲೇ ಉಳಿಯಿತು. ಅವತ್ತು ಅಜ್ಜಿಯ ಬಾಗಿಲಲ್ಲಿ ಆದದ್ದೂ ಇದೇ.

"ಎಂಥ ದೋಣಿ ಅದು?" ಎಂದಳು ಕೊನೆಗೆ, ಸೋತ ದನಿಯಲ್ಲಿ.

"ಹಸಿರು ಬಣ್ಣದ್ದು" ಎಂದಳು ತಾಯಿ.

"ಅಂದದ ದೋಣಿ" ಎಂದ ಕೇಟಿಲ್. "ಒಂದೇ ತೊಂದರೆ. ಸೋರ್ತಿತ್ತು. ಎಷ್ಟು ಬಿಗಿ ಮಾಡಿದ್ರೂ, ಯಾವಾಗ್ಲೂ."

ಮಗು ಅಷ್ಟರಲ್ಲಿ ಬಿಳಿ ಅಂಗಿಯನ್ನೂ ಕೆಳಗಿನ ಹಾಸನ್ನೂ ಒಟ್ಟಿಗೆ ನೆನೆಸಿತ್ತು. ಊಲ್ಫಾರ್ ಚೀಲದಿಂದ ಒಣಬಟ್ಟೆ ತೆಗೆದ. ಮದುವೆಯಾದಾಗಿನಿಂದ ಊರಿನ ಆ ಮಾತನ್ನು ಒಮ್ಮೆಯೂ ಬಾಯಿಗೆ ತಂದವನಲ್ಲ ಅವನು, ಅದಕ್ಕಾಗಿಯೇ ಅವಳು ಅವನನ್ನು ಮೆಚ್ಚಿದ್ದು. ಅವನು ಮಗುವನ್ನು ನೋಡಿದ, ಹೆಂಡತಿಯನ್ನು ನೋಡಿದ, ತಡೆಯಲಾಗಲಿಲ್ಲ.

"ಕಾಲುಪಾಲು" ಎಂದ.

ಅವಳು ಒದ್ದೆ ಬಟ್ಟೆಯನ್ನು ಗುರಿಯಿಟ್ಟು ಅವನ ಮುಖಕ್ಕೆ ಎಸೆದಳು.