ಬೆಕ್ಕಿನ ಬೆನ್ನ ಮೇಲಿನ ಕಪ್ಪು

ತೊಂಬತ್ತರ ದಶಕದ ಕೊನೆಯಲ್ಲಿ ಪಕ್ಕದ ಎಸ್ಟೇಟಿನ ಮ್ಯಾನೇಜರಿಗೆ ವರ್ಗವಾದಾಗ, "ಒಳ್ಳೇ ಜಾತಿ, ಚೆನ್ನಾಗಿ ನೋಡ್ಕೊಳ್ಳಿ" ಎಂದು ಒಂದು ಬೆಕ್ಕಿನ ಮರಿಯನ್ನು ಹೆಗ್ಗದ್ದೆಯ ನಮ್ಮ ಮನೆಗೆ ಬಿಟ್ಟುಹೋದರು. ಯಾವ ಜಾತಿ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಹಾಲಿನಂಥ ಬಿಳುಪು, ನೀಲಿ ಕಣ್ಣು. ಬರಬರುತ್ತ ಮೂತಿ, ಕಿವಿ, ಕಾಲು, ಬಾಲ ಎಲ್ಲ ಕಪ್ಪಾಗತೊಡಗಿದವು. ಒಲೆಗೆ ಮೂತಿ ಹಾಕುತ್ತದೆಂದು ಅತ್ತೆ ಒದ್ದೆ ಬಟ್ಟೆಯಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ಮಸಿ ಹೋಗಲಿಲ್ಲ, ಬೆಕ್ಕು ಮಾತ್ರ ಎಳೆಗೂಸಿನ ಹಾಗೆ ಕಿರುಚಿ ಆಕಾಶ ಭೂಮಿ ಒಂದು ಮಾಡುತ್ತಿತ್ತು.

ಒಂದು ಚಳಿಗಾಲದಲ್ಲಿ ನಾಯಿ ಅದರ ಬೆನ್ನಿಗೆ ಬಾಯಿ ಹಾಕಿತು. ಗಾಯಕ್ಕೆ ಸೊಪ್ಪು ಅರೆದು ಕಟ್ಟುವುದರಲ್ಲಿ ಅತ್ತೆಯದು ಎತ್ತಿದ ಕೈ. ತೋಟದಲ್ಲಿ ಕತ್ತಿ ತಾಗಿದವರು ಮೊದಲು ಬರುತ್ತಿದ್ದುದು ನಮ್ಮ ಜಗಲಿಗೇ. ಬೆಕ್ಕಿನ ಬೆನ್ನಿನ ಕೂದಲು ಬೋಳಿಸಿ ಔಷಧಿ ಹಚ್ಚಿದರು. ಗಾಯ ಮಾಯಿತು. ಆದರೆ ಹೊಸ ಕೂದಲು ಇದ್ದಿಲಿನಂತೆ ಕಪ್ಪಗೆ ಬಂತು.

"ನನ್ನ ಔಷ್ದೀನೇ ಸುಟ್ಟಾಕ್ಬುಡ್ತು ಕಣೆ. ಮೂಕ ಪ್ರಾಣಿ, ಉರೀತೈತೆ ಅಂತ ಹೇಳಕ್ಕಾಯ್ತದಾ?" ಎಂದು ಅತ್ತೆ ಕೂತುಬಿಟ್ಟರು. ಅಂದಿನಿಂದ ಯಾರೇ ಬಂದರೂ "ಡಾಕ್ಟ್ರತ್ರ ಹೋಗ್ರವ್ವ" ಎಂದು ಬಾಗಿಲಿನಿಂದಲೇ ಕಳಿಸತೊಡಗಿದರು. ಅಷ್ಟು ಜನರ ಗಾಯ ಮಾಯಿಸಿದ ಹೆಂಗಸು ತನ್ನ ಕೈಯನ್ನೇ ನಂಬದಾದದ್ದನ್ನು ನನಗೆ ನೋಡಲಾಗಲಿಲ್ಲ.

ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಸಕಲೇಶಪುರದ ಪಶುವೈದ್ಯರ ಹತ್ತಿರ ಹೋದೆ. ಬಸ್ಸಿನ ತುಂಬ ಅದರದೇ ಭಾಷಣ. ವೈದ್ಯರು ಅದರ ಕಣ್ಣು ನೋಡಿದ್ದೇ ನಕ್ಕರು.

"ಇದು ಸಯಾಮೀಸ್ ಬೆಕ್ಕು ಕಣಮ್ಮ. ಈ ಜಾತಿಗೆ ಮೈ ಎಲ್ಲಿ ತಣ್ಣಗಿರುತ್ತೋ ಅಲ್ಲಿ ಕೂದಲು ಕಪ್ಪಗೆ ಬರುತ್ತೆ. ಮೂತಿ, ಬಾಲ ಕಪ್ಪಾಗಿದ್ದೂ ಅದಕ್ಕೇ. ಚಳಿಯಲ್ಲಿ ಬೋಳಿಸಿದ್ರಲ್ಲ, ಬೆನ್ನೂ ಹೀಗಾಯ್ತು. ಬೆಚ್ಚಗಿಟ್ಕೊಳ್ಳಿ, ಈ ಕೂದಲು ಉದುರಿ ಬೇರೆ ಬರುವಾಗ ಸರಿಹೋಗುತ್ತೆ."

ಮನೆಗೆ ಬಂದು ಹೇಳಿದರೆ ಅತ್ತೆ ನಂಬಲಿಲ್ಲ. "ನನ್ ಸಮಾಧಾನಕ್ಕೆ ಹೇಳ್ತೀಯ, ಬುಡು" ಎಂದರು. ಆದರೂ, ಅಡುಗೆಮನೆಗೆ ಬೆಕ್ಕು ಕಾಲಿಟ್ಟರೆ ಸೌಟು ಎತ್ತುತ್ತಿದ್ದವರು, ಸಂಜೆ ಒಲೆ ಮುಂದೆ ಅದನ್ನು ಮಡಿಲಲ್ಲಿ ಹಾಕಿಕೊಂಡು ಬೆನ್ನಿನ ಮೇಲೆ ಅಂಗೈ ಇಟ್ಟು ಕೂರತೊಡಗಿದರು. ಅದೂ ಮಹಾರಾಣಿಯ ಹಾಗೆ ಮಲಗಿಬಿಡುತ್ತಿತ್ತು.

ಬೇಸಿಗೆಯಲ್ಲಿ ಕಪ್ಪು ಕೂದಲು ಉದುರಿ ಕೆನೆಬಣ್ಣದ್ದು ಬಂತು. ಅತ್ತೆ ಬೆಕ್ಕನ್ನು ಬಿಸಿಲಿಗೆ ತಂದು, ಕೂದಲು ಬಿಡಿಸಿ ಬಿಡಿಸಿ ಚರ್ಮ ನೋಡಿದರು. ಎಲ್ಲೂ ಸುಟ್ಟ ಕಲೆ ಇರಲಿಲ್ಲ. ಅದನ್ನು ಕೆಳಗಿಳಿಸಿ ಒಳಗೆ ಹೋದರು.

ಮರುದಿನ ಕಾಯಿ ತುರಿಯುವಾಗ ನಾನು ಬೆರಳು ಕುಯ್ದುಕೊಂಡೆ. ಡಾಕ್ಟರ ಹತ್ತಿರ ಹೋಗೋಣವೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಅತ್ತೆ ಹಿತ್ತಲಿನಿಂದ ಸೊಪ್ಪು ಹಿಡಿದುಕೊಂಡು ಬಂದರು.

"ಎಲ್ಲಿಗೆ ಹೊಂಟೆ? ನಾನಿಲ್ವಾ? ತತ್ತಾ ಇಲ್ಲಿ ಕೈಯ."

ಕೈ ಕೊಟ್ಟೆ. ನನ್ನ ಕಣ್ಣು ತುಂಬಿತು. ಗಾಯದ ಉರಿಗೆ ಎಂದುಕೊಂಡು ಅತ್ತೆ ಬೆರಳಿಗೆ ಮೆಲ್ಲಗೆ ಊದತೊಡಗಿದರು.